ನರಿಯಾದ ಪಾಳೆಯಗಾರ, ಕಾಣೆಯಾದ ಹೆಣ್ಣುಮಕ್ಕಳು

ನಮ್ಮ ಶಾಲೆಯ ಸ್ಟೋರ್ ರೂಮಿನ ಕಬ್ಬಿಣದ ಟ್ರಂಕಿನಲ್ಲಿ ಹನ್ನೊಂದು ಬಟ್ಟೆಯ ಹಾವುಗಳಿವೆ. ಸ್ಟೇಜಿನ ಹಳೆಯ ಹಸಿರು ಪರದೆಯನ್ನು ಹರಿದು, ಒಳಗೆ ಹತ್ತಿ ತುಂಬಿ, ಹಿಂದೆ ಇದ್ದ ಹೊಲಿಗೆ ಟೀಚರೊಬ್ಬರು ಮಾಡಿಟ್ಟು ಹೋದವು. ವಾರ್ಷಿಕೋತ್ಸವದಲ್ಲಿ ಸಂತರ ಕಥೆ ಆಡಿಸುವ ವರ್ಷ ಅವಕ್ಕೆ ಬೆಳಕು ಕಾಣುವ ಯೋಗ. ಎಂಟನೇ ಕ್ಲಾಸಿನ ಹುಡುಗನೊಬ್ಬ ಹತ್ತಿಯ ಗಡ್ಡ ಅಂಟಿಸಿಕೊಂಡು ಕೋಲು ಎತ್ತಿ ನಿಲ್ಲುತ್ತಾನೆ. ಪರದೆಯ ಮರೆಯಲ್ಲಿ ಕೂತ ಮಕ್ಕಳು ದಾರ ಎಳೆಯುತ್ತಾರೆ. ಹಾವುಗಳೆಲ್ಲ ಸರಸರ ಹೋಗಿ ಸಮುದ್ರಕ್ಕೆ ಬೀಳುತ್ತವೆ. ಸಮುದ್ರವೆಂದರೆ ಒಂದು ನೀಲಿ ಸೀರೆ, ಬಹಳ ಸಲ ನನ್ನದೇ. ಸಂತ ಪ್ಯಾಟ್ರಿಕ್ ಐರ್ಲೆಂಡಿನಿಂದ ಹಾವುಗಳನ್ನು ಓಡಿಸಿದ ದೃಶ್ಯ ಇದು. ಪೋಷಕರು ಜೋರಾಗಿ ಚಪ್ಪಾಳೆ ತಟ್ಟುತ್ತಾರೆ.

ನಾನು ಕೆಲಸ ಮಾಡುವುದು ಕ್ರೈಸ್ತ ಆಡಳಿತದ ಶಾಲೆಯಲ್ಲಿ. ನಾನು ಕ್ರೈಸ್ತಳಲ್ಲ. ಚಿಕ್ಕಂದಿನಲ್ಲಿ ಓದಿದ್ದೂ ಇಂಥದೇ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಈ ಕಥೆಯನ್ನು ಮೊದಲ ಸಲ ಕೇಳಿ ಮನೆಗೆ ಬಂದ ಸಂಜೆ ಅಮ್ಮ ನಾಗರಪಂಚಮಿಗೆಂದು ತಂಬಿಟ್ಟು ಕಟ್ಟುತ್ತಾ ಕೂತಿದ್ದರು. ನಾನು ಕಥೆ ಹೇಳಿದೆ. ಅಮ್ಮನಿಗೆ ಕೋಪವೇನೂ ಬರಲಿಲ್ಲ. "ಪಾಪ, ಆ ಊರಿನ ಹೆಂಗಸರಿಗೆ ತನಿ ಎರೆಯೋಕೆ ಒಂದು ಹುತ್ತವೂ ಇಲ್ಲದ ಹಾಗಾಯ್ತಲ್ಲೇ" ಎಂದು ಮರುಗಿದರು, ಅಷ್ಟೇ.

ಅಮ್ಮ ಮರುಗುವ ಅಗತ್ಯವಿರಲಿಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಐರ್ಲೆಂಡಿನಲ್ಲಿ ಓಡಿಸಲು ಹಾವುಗಳೇ ಇರಲಿಲ್ಲ. ಹಿಮಯುಗ ಮುಗಿದ ಮೇಲೆ ಆ ದ್ವೀಪಕ್ಕೆ ಹಾವುಗಳು ತಲುಪುವ ಮೊದಲೇ ಸಮುದ್ರ ಅಡ್ಡ ಬಂದಿತ್ತು. 12ನೇ ಶತಮಾನದಲ್ಲಿ ಐರ್ಲೆಂಡಿನ ಬಗ್ಗೆ ಬರೆದ ವೇಲ್ಸ್‌ನ ಜೆರಾಲ್ಡ್ ಎಂಬ ಪಾದ್ರಿಗೇ ಈ ಕಥೆಯ ಮೇಲೆ ನಂಬಿಕೆ ಇರಲಿಲ್ಲ. ಇನ್ನು ಮೂರೆಲೆಯ ಹುಲ್ಲನ್ನು ಕಿತ್ತು ಹಿಡಿದು ತ್ರಿತ್ವವನ್ನು ವಿವರಿಸಿದ ಕಥೆ. ಅದು ಬರಹದಲ್ಲಿ ಕಾಣಿಸಿಕೊಳ್ಳುವುದು 18ನೇ ಶತಮಾನದಲ್ಲಿ, ಪ್ಯಾಟ್ರಿಕ್ ಸತ್ತು ಸಾವಿರ ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ.

ಇರಲಿ. ಸಂತರ ಸುತ್ತ ಕಥೆ ಹುಟ್ಟುವುದು ಎಲ್ಲ ದೇಶದಲ್ಲೂ ಉಂಟು. ಹಾವಿನ ಕಥೆ ಸುಳ್ಳೆಂದು ಸಾಧಿಸಲು ನಾನು ಇದನ್ನು ಬರೆಯಲು ಕೂತಿಲ್ಲ. ನನ್ನ ಜಗಳ ಬೇರೆ.

ಕಳೆದ ವರ್ಷ ನಮ್ಮೂರಿನ ಮಹಿಳಾ ಸಮಾಜದಲ್ಲಿ ಒಬ್ಬ ವಿದ್ವಾಂಸರ ಉಪನ್ಯಾಸವಿತ್ತು. ಮಾತು ಹೇಗೋ ಪ್ಯಾಟ್ರಿಕ್‌ನ ಮೇಲೆ ಬಂತು. ಅವರ ಪ್ರಕಾರ ಹಾವುಗಳೆಂದರೆ ಐರ್ಲೆಂಡಿನ ಹಳೆಯ ಧರ್ಮದ ಪುರೋಹಿತರು, ಡ್ರೂಯಿಡರು. ಅವರನ್ನೆಲ್ಲ ಕೊಂದು ಸಮುದ್ರಕ್ಕೆ ದಬ್ಬಿದ್ದನ್ನೇ ಚಂದದ ಕಥೆ ಮಾಡಿದ್ದಾರೆ. ಮಿಷನರಿ ಎಂದರೆ ಎಲ್ಲ ಕಾಲದಲ್ಲೂ ಒಂದೇ ಅಚ್ಚು, ಕೈಯಲ್ಲಿ ಪುಸ್ತಕ, ಬೆನ್ನ ಹಿಂದೆ ಸೈನ್ಯ. ಇಲ್ಲೂ ಚಪ್ಪಾಳೆ ಬಿತ್ತು. ಪ್ರಶ್ನೋತ್ತರದಲ್ಲಿ ನಾನು ಎದ್ದು, ಪ್ಯಾಟ್ರಿಕ್ ತಾನೇ ಬರೆದದ್ದನ್ನು ತಾವು ಓದಿದ್ದೀರಾ ಎಂದು ಕೇಳಿದೆ. ಅವರು ನನ್ನನ್ನೇ ಕೇಳಿದರು: "ಅವನೇ ಬರೆದದ್ದು ಅಂತ ಏನಾದರೂ ಇದೆಯೇ?"

ಇದೆ. ನನ್ನ ಜಗಳ ಇರುವುದು ಇಲ್ಲೇ. ನಮ್ಮ ಶಾಲೆಯ ಸ್ಟೇಜಿನ ಮೇಲೆ ಅವನನ್ನು ಹೊಗಳುವವರೂ ಓದಿಲ್ಲ, ಮಹಿಳಾ ಸಮಾಜದ ವೇದಿಕೆಯ ಮೇಲೆ ಅವನನ್ನು ತೆಗಳುವವರೂ ಓದಿಲ್ಲ. ಇಬ್ಬರಿಗೂ ಅದೇ ಹನ್ನೊಂದು ಬಟ್ಟೆಯ ಹಾವು ಸಾಕು.

ಅವನ ಬರಹ ಎರಡು ಉಳಿದಿವೆ, ಎರಡೂ ಲ್ಯಾಟಿನ್ ಭಾಷೆಯಲ್ಲಿ. ಒಂದು 'ಕನ್ಫೆಸ್ಸಿಯೋ', ಮುದುಕನಾದ ಮೇಲೆ ಮಾಡಿಕೊಂಡ ಆತ್ಮನಿವೇದನೆ. ಇನ್ನೊಂದು ಕೊರೊಟಿಕಸ್ ಎಂಬವನ ಸೈನಿಕರಿಗೆ ಬರೆದ ಕಾಗದ. ಈಗ ಅಚ್ಚಾಗುವ ಪುಸ್ತಕಗಳಲ್ಲಿ ಮೊದಲನೆಯದನ್ನು 62 ಸಣ್ಣ ಖಂಡಗಳಾಗಿ, ಎರಡನೆಯದನ್ನು 21 ಖಂಡಗಳಾಗಿ ವಿಂಗಡಿಸುತ್ತಾರೆ. ಡಬ್ಲಿನ್ನಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ ಇವೆರಡರ ಇಂಗ್ಲಿಷ್ ಅನುವಾದದ ತೆಳು ಪುಸ್ತಕ ತಂದುಕೊಟ್ಟಳು. ಕುಕ್ಕರ್ ಇಟ್ಟು, ಮಧ್ಯಾಹ್ನದ ನಿದ್ದೆ ಬಿಟ್ಟು, ಒಂದೇ ಭಾನುವಾರ ಓದಿ ಮುಗಿಸಿದೆ. ಆಮೇಲೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹಾವು ಎಲ್ಲೂ ಇಲ್ಲ. ಹುಲ್ಲೂ ಇಲ್ಲ.

ಇರುವವನು ಯಾರು? ಹದಿನಾರು ವರ್ಷದ ಒಬ್ಬ ಹುಡುಗ. ರೋಮನ್ ಆಳ್ವಿಕೆ ಕಳಚಿಕೊಳ್ಳುತ್ತಿದ್ದ ಬ್ರಿಟನ್ನಿನಲ್ಲಿ ಅನುಕೂಲಸ್ಥರ ಮನೆಯ ಮಗ. ಅಪ್ಪ ಕಲ್ಪೋರ್ನಿಯಸ್ ಚರ್ಚಿನ ಡೀಕನ್, ಜೊತೆಗೆ ಊರಿನ ಆಡಳಿತ ಮಂಡಲಿಯ ಸದಸ್ಯ. ಅಜ್ಜ ಪೊಟಿಟಸ್ ಪಾದ್ರಿ. ಹುಡುಗನಿಗೆ ಮಾತ್ರ ದೇವರ ಗೊಡವೆ ಇರಲಿಲ್ಲ. ಒಂದು ದಿನ ಕಳ್ಳರ ದಂಡು ಬಂದು ಅಪ್ಪನ ತೋಟದ ಮನೆಯಿಂದ ಅವನನ್ನು ಎಳೆದುಕೊಂಡು ಹೋಗಿ ಐರ್ಲೆಂಡಿನಲ್ಲಿ ಗುಲಾಮನಾಗಿ ಮಾರಿತು. ತನ್ನ ಜೊತೆ ಹೀಗೆ ಸಾವಿರಾರು ಜನ ಹೋದರು ಎನ್ನುತ್ತಾನೆ. ಆರು ವರ್ಷ ಕುರಿ ಕಾಯ್ದ. ಹಿಮ, ಮಳೆ, ಚಳಿ. ದಿನಕ್ಕೆ ನೂರು ಸಲ, ರಾತ್ರಿಗೆ ಮತ್ತೆ ಅಷ್ಟೇ ಸಲ ಪ್ರಾರ್ಥನೆ. ಕೊನೆಗೆ ಒಂದು ಕನಸಿನ ಮಾತು ನಂಬಿ ತಪ್ಪಿಸಿಕೊಂಡು, ಇನ್ನೂರು ಮೈಲಿ ದಾಟಿ, ಹಡಗು ಹತ್ತಿದ. ಕೆಲವು ವರ್ಷಗಳ ಮೇಲೆ ಊರು ಸೇರಿದಾಗ ಮನೆಯವರು, ಇಷ್ಟೆಲ್ಲ ಪಟ್ಟಿದ್ದೀಯ, ಇನ್ನು ನಮ್ಮನ್ನು ಬಿಟ್ಟು ಎಲ್ಲೂ ಹೋಗಬೇಡ ಎಂದು ಬೇಡಿಕೊಂಡರು. ಅವನು ಹೋದ, ಅದೂ ತನ್ನನ್ನು ಗುಲಾಮನಾಗಿ ದುಡಿಸಿಕೊಂಡ ಅದೇ ದೇಶಕ್ಕೆ. ಅಲ್ಲೇ ಬಿಷಪ್ ಆಗಿ ಮುದುಕನಾದ.

ಏಕವಚನಕ್ಕೆ ಓದುಗರು ಬೇಸರಿಸಬಾರದು. ಮೊದಲ ವಾಕ್ಯದಲ್ಲೇ ತನ್ನನ್ನು ಪಾಪಿ, ಹಳ್ಳಿಗಮಾರ, ಎಲ್ಲರಿಗಿಂತ ಕೀಳು ಎಂದು ಕರೆದುಕೊಂಡವನಿಗೆ ಬಹುವಚನ ಹಚ್ಚಿದರೆ ಅವನಿಗೇ ಇರುಸುಮುರುಸಾದೀತು.

ಇಸವಿ ಅವನು ಒಂದನ್ನೂ ಹೇಳುವುದಿಲ್ಲ. 5ನೇ ಶತಮಾನದವನು ಎಂಬುದನ್ನು ವಿದ್ವಾಂಸರು ಒಪ್ಪುತ್ತಾರೆ. ಅವನೇ ಐರ್ಲೆಂಡಿಗೆ ಹೋದ ಮೊದಲ ಬಿಷಪ್ ಎಂಬ ಮಾತೂ ನಿಲ್ಲುವುದಿಲ್ಲ. 431ರಲ್ಲಿ ಪೋಪ್ ಸೆಲೆಸ್ಟೀನ್ ಪಲ್ಲಾಡಿಯಸ್ ಎಂಬಾತನನ್ನು ಐರ್ಲೆಂಡಿನಲ್ಲಿ ಆಗಲೇ ಇದ್ದ ಕ್ರೈಸ್ತರಿಗೆ ಮೊದಲ ಬಿಷಪ್ ಆಗಿ ಕಳಿಸಿದ ದಾಖಲೆ ಇದೆ. ಪಾಪ, ಪಲ್ಲಾಡಿಯಸ್‌ನ ಪಾಲಿನ ಕೀರ್ತಿಯನ್ನೂ ಜನ ಪ್ಯಾಟ್ರಿಕ್‌ನ ಖಾತೆಗೇ ಬರೆದುಬಿಟ್ಟರು.

ನನ್ನಂಥ ಮೇಷ್ಟ್ರಮ್ಮನಿಗೆ ಈ ಮನುಷ್ಯ ಮೊದಲು ಹಿಡಿಸಿದ್ದು ಅವನ ನಾಚಿಕೆಯಿಂದ. ಓದುವ ವಯಸ್ಸಿನಲ್ಲಿ ಕುರಿ ಕಾಯುತ್ತಿದ್ದ. ಉಳಿದವರು ಕಾನೂನು, ಶಾಸ್ತ್ರ ಎಲ್ಲ ಕಲಿತು ಒಂದೇ ಭಾಷೆಯಲ್ಲಿ ಪಳಗಿದರು. ತನ್ನ ಮಾತು ಮಾತ್ರ ಪರಭಾಷೆಗೆ ಹೊರಳಿ, ಲ್ಯಾಟಿನ್ ಬರೆಯಲು ಕೂತರೆ ಕೈ ನಡುಗುತ್ತದೆ, ಬರೆದರೆ ಜನ ನಗುತ್ತಾರೆ ಎಂಬ ಭಯದಿಂದಲೇ ಇಷ್ಟು ವರ್ಷ ತಡಮಾಡಿದೆ ಎಂದು ಒಪ್ಪಿಕೊಳ್ಳುತ್ತಾನೆ. ಅವನಿಗಿಂತ ಸ್ವಲ್ಪ ಮೊದಲು ಇದೇ ಹೆಸರಿನ ಪುಸ್ತಕವನ್ನು ಸಂತ ಅಗಸ್ಟೀನ್ ಬರೆದಿದ್ದ. ಅವನು ಅಲಂಕಾರಶಾಸ್ತ್ರದ ಪ್ರೊಫೆಸರ್, ವಾಕ್ಯ ನೀರಿನಂತೆ ಹರಿಯುತ್ತದೆ. ಪ್ಯಾಟ್ರಿಕ್‌ನದು ತಡವರಿಕೆ. ಹತ್ತನೇ ಕ್ಲಾಸಿಗೇ ಓದು ನಿಲ್ಲಿಸಿ ಮದುವೆಯಾದ ಎಷ್ಟೋ ಜನ ಗೆಳತಿಯರು ಬ್ಯಾಂಕಿನಲ್ಲಿ ಚಲನ್ ತುಂಬುವಾಗ ನನ್ನ ಕಡೆ ತಳ್ಳಿ, "ನೀನೇ ಬರಿಯೇ, ನನ್ನ ಅಕ್ಷರ ಚೆನ್ನಾಗಿಲ್ಲ" ಎನ್ನುತ್ತಾರಲ್ಲ, ಆ ದನಿ ಅದು. ಸೈನ್ಯ ಬೆನ್ನಿಗಿದ್ದವನ ದನಿ ಹಾಗಿರುವುದಿಲ್ಲ.

ಸೈನ್ಯದ ಮಾತು ಬಂತಲ್ಲ, ಅದನ್ನೂ ನೋಡೋಣ. ಐರ್ಲೆಂಡ್ ಎಂದೂ ರೋಮಿನ ಆಳ್ವಿಕೆಗೆ ಸೇರಿದ್ದಲ್ಲ. ಅಲ್ಲಿ ಇವನಿಗೆ ಯಾವ ದೊರೆಯ ರಕ್ಷಣೆಯೂ ಇರಲಿಲ್ಲ. ಓಡಾಡಲು ಅಲ್ಲಿನ ಸಣ್ಣಪುಟ್ಟ ಅರಸರಿಗೆ ಕಾಣಿಕೆ ಕೊಡಬೇಕಾಗಿತ್ತು. ಜೊತೆಗೆ ಬರುತ್ತಿದ್ದ ಅವರ ಮಕ್ಕಳಿಗೂ ಕೂಲಿ ಕೊಡಬೇಕಾಗಿತ್ತು. ನ್ಯಾಯ ಹೇಳುವವರಿಗೆ ಹದಿನೈದು ಆಳುಗಳ ಬೆಲೆಯಷ್ಟು ಹಂಚಿದ್ದೇನೆ ಎಂದು ಲೆಕ್ಕ ಒಪ್ಪಿಸುತ್ತಾನೆ. ಇಷ್ಟಾದರೂ ಒಮ್ಮೆ ಅವನನ್ನೂ ಜೊತೆಗಾರರನ್ನೂ ಹಿಡಿದು, ಇದ್ದದ್ದೆಲ್ಲ ದೋಚಿ, ಕಬ್ಬಿಣದ ಬೇಡಿ ಹಾಕಿ ಹದಿನಾಲ್ಕು ದಿನ ಇಟ್ಟುಕೊಂಡರು. ಡ್ರೂಯಿಡರನ್ನು ಕೊಲ್ಲಿಸುವಂಥ ಬಲ ಇವನಿಗೆ ಎಲ್ಲಿತ್ತು? ಆ ಹೆಸರೇ ಅವನ ಬರಹದಲ್ಲಿಲ್ಲ. ಡ್ರೂಯಿಡನೊಬ್ಬ ಪ್ಯಾಟ್ರಿಕ್‌ನ ಪ್ರಾರ್ಥನೆಯಿಂದ ಗಾಳಿಯಲ್ಲಿ ಮೇಲೆದ್ದು, ಕಲ್ಲಿನ ಮೇಲೆ ಬಿದ್ದು ತಲೆಯೊಡೆದು ಸತ್ತ ಕಥೆ ಬರೆದವನು ಮುಯಿರ್ಕೂ ಎಂಬ ಪಾದ್ರಿ, 7ನೇ ಶತಮಾನದ ಕೊನೆಯಲ್ಲಿ, ಎರಡು ನೂರು ವರ್ಷಗಳ ಮೇಲೆ. ನಮ್ಮ ವಿದ್ವಾಂಸರು ಪ್ಯಾಟ್ರಿಕ್‌ನ ಮೇಲೆ ಹೊರಿಸಿದ ಕೊಲೆಯನ್ನು ಹಾಗೆ ನೋಡಿದರೆ ಅವನ ಭಕ್ತರೇ ಮೊದಲು ಹೊರಿಸಿದ್ದು. ಅವರು ಅದನ್ನು ಹೊಗಳಿಕೆ ಎಂದುಕೊಂಡಿದ್ದರು.

ಹಾಗೆಂದು ಪ್ಯಾಟ್ರಿಕ್ ಎಲ್ಲ ಧರ್ಮವೂ ಒಂದೇ ಎಂದವನು ಎಂದು ಭಾವಿಸಬೇಡಿ. ಐರ್ಲೆಂಡಿನ ಜನ ವಿಗ್ರಹಗಳನ್ನೂ ಅಶುದ್ಧ ವಸ್ತುಗಳನ್ನೂ ಪೂಜಿಸುತ್ತಿದ್ದರು ಎಂದು ಬರೆಯುತ್ತಾನೆ. ಸೂರ್ಯನನ್ನು ಪೂಜಿಸುವವರಿಗೆ ಶಿಕ್ಷೆ ತಪ್ಪಿದ್ದಲ್ಲ ಎಂದೂ ಹೇಳುತ್ತಾನೆ. ರಥಸಪ್ತಮಿಯ ದಿನ ತಲೆಯ ಮೇಲೆ ಎಕ್ಕದ ಎಲೆ ಇಟ್ಟು ಮೀಯಿಸುತ್ತಿದ್ದ ನನ್ನ ಅಮ್ಮ ಅವನ ಲೆಕ್ಕದಲ್ಲಿ ಯಾವ ಪಟ್ಟಿಗೆ ಸೇರುತ್ತಾಳೆ ಎಂಬುದು ನನಗೆ ಗೊತ್ತು. ಆ ಪುಟ ಓದುವಾಗ ಈಗಲೂ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟು ಅವನು ಬರೆದದ್ದಕ್ಕೆ ಬಂದದ್ದು. ಬರೆಯದೇ ಇದ್ದದ್ದಕ್ಕೆ ಅವನ ಮೇಲೆ ನಾನೇಕೆ ಹರಿಹಾಯಲಿ?

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಜಾಗಕ್ಕೆ ಬಂದೆ.

ಹಳೆಯ ಐರ್ಲೆಂಡಿನ ಭಾಷೆಯಲ್ಲಿ 'ಕುಮಲ್' ಎಂಬ ಮಾತಿದೆ. ಅರ್ಥ, ಹೆಣ್ಣು ಗುಲಾಮಳು. ಪ್ಯಾಟ್ರಿಕ್‌ನ ಮುಂದಿನ ತಲೆಮಾರುಗಳಲ್ಲಿ ಬರೆದಿಟ್ಟ ಅಲ್ಲಿನ ಕಾನೂನು ಗ್ರಂಥಗಳಲ್ಲಿ ಈ ಮಾತು ಹಣದ ಲೆಕ್ಕಕ್ಕೆ ಬರುತ್ತದೆ. ದಂಡ ಎಷ್ಟು, ಒಬ್ಬನ ಮಾನಕ್ಕೆ ಬೆಲೆ ಎಷ್ಟು ಎಂದರೆ ಇಷ್ಟು ಕುಮಲ್. ಒಂದು ಕುಮಲ್ ಎಂದರೆ ಸಾಮಾನ್ಯವಾಗಿ ಮೂರು ಕರೆಯುವ ಹಸು. ಹೊಲವನ್ನು ಅಳೆಯಲೂ ಅದೇ ಮಾತು ಬಳಕೆಗೆ ಬಂತು. ನಾವು ಸೇರು, ತೊಲ, ವರಹ ಎನ್ನುವಂತೆ ಅವರು ಹೆಣ್ಣಾಳು ಎನ್ನುತ್ತಿದ್ದರು. ಇದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಅಂಥ ನೆಲದಲ್ಲಿ ಕೂತು ಪ್ಯಾಟ್ರಿಕ್ ತನ್ನ ಆತ್ಮನಿವೇದನೆಯ 42ನೇ ಖಂಡದಲ್ಲಿ ಹೆಂಗಸರ ಬಗ್ಗೆ ಬರೆಯುತ್ತಾನೆ. ಮೊದಲು ಒಬ್ಬ ದೊಡ್ಡ ಮನೆತನದ, ಬಹಳ ಚೆಲುವೆಯಾದ ಹೆಂಗಸು. ಅವಳಿಗೆ ತಾನೇ ದೀಕ್ಷಾಸ್ನಾನ ಕೊಟ್ಟದ್ದು, ಕೆಲವೇ ದಿನಗಳಲ್ಲಿ ಅವಳು ಬಂದು ಇನ್ನು ಮದುವೆಯಾಗದೆ ದೇವರಿಗೇ ಮೀಸಲಾಗಿರುತ್ತೇನೆ ಎಂದದ್ದು. ಹೀಗೆ ನಿಶ್ಚಯಿಸುವ ಹುಡುಗಿಯರಿಗೆ ಅಪ್ಪಂದಿರ ಒಪ್ಪಿಗೆ ಇರುವುದಿಲ್ಲ. ಮನೆಯವರೇ ಹಿಂಸೆ ಕೊಡುತ್ತಾರೆ, ಇಲ್ಲದ ಅಪವಾದ ಹೊರಿಸುತ್ತಾರೆ. ಆಮೇಲೆ ವಿಧವೆಯರ ಮಾತು. ಅಷ್ಟು ಹೇಳಿ ಮುಗಿಸಬಹುದಿತ್ತು. ಮುಗಿಸುವುದಿಲ್ಲ. ಎಲ್ಲರಿಗಿಂತ ಹೆಚ್ಚು ಪಾಡುಪಡುವವರು ಗುಲಾಮಗಿರಿಯಲ್ಲಿರುವ ಹೆಂಗಸರು, ಬೆದರಿಕೆ ಭಯಗಳ ನಡುವೆಯೂ ಅವರು ಹಿಡಿದದ್ದನ್ನು ಬಿಡುವುದಿಲ್ಲ ಎಂದು ಬರೆಯುತ್ತಾನೆ. ತಾನೂ ಗುಲಾಮನಾಗಿದ್ದವನು. ಆರು ವರ್ಷ ಕುರಿ ಕಾಯ್ದ ಕಷ್ಟದ ಮುಂದೆ ಇವರ ಕಷ್ಟ ಬೇರೆ ಎಂದು ಕಂಡವನು. ಆ ಕಾಲದಲ್ಲಿ ಎಷ್ಟು ಜನ ಗಂಡಸರು ಇದನ್ನು ಗಮನಿಸಿ ಒಂದು ವಾಕ್ಯ ಖರ್ಚು ಮಾಡಿದರು? ಈ ಕಾಲದಲ್ಲಿ ಎಷ್ಟು ಜನ ಮಾಡುತ್ತಾರೆ?

ಇನ್ನೊಂದು ಸಣ್ಣ ಪ್ರಸಂಗ ನನಗೆ ಬಹಳ ಇಷ್ಟ. ಭಕ್ತೆಯರು ತಮ್ಮ ಒಡವೆ ಬಿಚ್ಚಿ ಪೂಜಾವೇದಿಕೆಯ ಮೇಲೆ ಇಟ್ಟು ಹೋಗುತ್ತಿದ್ದರು. ಇವನು ಎಲ್ಲವನ್ನೂ ವಾಪಸ್ಸು ಕೊಟ್ಟುಬಿಡುತ್ತಿದ್ದ. ಅವರಿಗೆ ಕೋಪ ಬರುತ್ತಿತ್ತು. ದುಡ್ಡಿಗಾಗಿ ಬಂದವನು ಎಂದು ಯಾರೂ ಬೆರಳು ತೋರಿಸಬಾರದು, ಅದಕ್ಕೆ ಹೀಗೆ ಮಾಡಿದೆ ಎಂದು ವಿವರಣೆ ಕೊಡುತ್ತಾನೆ. ಹೆಂಗಸರ ಕೊರಳಿನ ಚಿನ್ನ ಹೀಗೆ ತಾನಾಗಿ ಹಿಂದೆ ಬಂದದ್ದನ್ನು ನಾನು ಅವನ ಪುಸ್ತಕದಲ್ಲಿ ಬಿಟ್ಟರೆ ಮತ್ತೆಲ್ಲೂ ಕಂಡಿಲ್ಲ.

ಎರಡನೆಯ ಬರಹ, ಆ ಕಾಗದ. ಕೊರೊಟಿಕಸ್ ಬ್ರಿಟನ್ನಿನ ಕಡೆಯ ಒಬ್ಬ ಪಾಳೆಯಗಾರ, ಹೆಸರಿಗೆ ಕ್ರೈಸ್ತ. ಅವನ ಸೈನಿಕರು ಐರ್ಲೆಂಡಿನ ಮೇಲೆ ಬಿದ್ದಾಗ ಸಿಕ್ಕವರು ಹಿಂದಿನ ದಿನವಷ್ಟೇ ದೀಕ್ಷಾಸ್ನಾನ ಪಡೆದಿದ್ದ ಜನ. ಮೈಮೇಲೆ ಬಿಳಿ ಬಟ್ಟೆ, ಹಣೆಗೆ ಹಚ್ಚಿದ್ದ ಪವಿತ್ರ ತೈಲ ಇನ್ನೂ ಘಮಘಮಿಸುತ್ತಿತ್ತು. ಕೆಲವರನ್ನು ಕಡಿದರು, ಉಳಿದವರನ್ನು ಕಟ್ಟಿ ಒಯ್ದರು. ಪ್ಯಾಟ್ರಿಕ್ ತಾನು ಬಾಲ್ಯದಿಂದ ಓದಿಸಿ ಬೆಳೆಸಿದ್ದ ಒಬ್ಬ ಪಾದ್ರಿಯ ಕೈಯಲ್ಲಿ ಮೊದಲ ಕಾಗದ ಕಳಿಸಿದ: ಸೆರೆಹಿಡಿದವರನ್ನು ವಾಪಸ್ಸು ಕಳಿಸಿ. ಸೈನಿಕರು ಗಹಗಹಿಸಿ ನಕ್ಕರು. ಆ ಕಾಗದ ಉಳಿದಿಲ್ಲ. ಉಳಿದಿರುವುದು ನಕ್ಕ ಮೇಲೆ ಬರೆದ ಎರಡನೆಯದು.

ಅಕ್ಷರ ಚೆನ್ನಾಗಿಲ್ಲ ಎಂದು ನಾಚುತ್ತಿದ್ದವನ ಕೈ ಇಲ್ಲಿ ನಡುಗುವುದಿಲ್ಲ. ಇವರನ್ನು ನನ್ನ ಊರಿನವರೆಂದು ಕರೆಯಲಾರೆ, ಇವರು ದೆವ್ವಗಳ ಊರಿನವರು ಎನ್ನುತ್ತಾನೆ. ಸೆರೆಯಾದವರನ್ನು ಬಿಡುಗಡೆ ಮಾಡುವತನಕ ಇವರೊಂದಿಗೆ ಯಾರೂ ಉಣ್ಣಬಾರದು, ಕುಡಿಯಬಾರದು, ಇವರ ದಾನ ಮುಟ್ಟಬಾರದು ಎಂದು ಬಹಿಷ್ಕಾರ ಹಾಕುತ್ತಾನೆ. ಗಾಲ್ ದೇಶದ ಕ್ರೈಸ್ತರು ಸಾವಿರಾರು ಚಿನ್ನದ ನಾಣ್ಯ ಕೊಟ್ಟು ಫ್ರಾಂಕರ ಕೈಯಿಂದ ಸೆರೆಯಾಳುಗಳನ್ನು ಬಿಡಿಸಿಕೊಂಡು ಬರುತ್ತಾರೆ, ನೀವೋ ಮಾರುತ್ತೀರಿ, ಸೂಳೆಗೇರಿಗೆ ತಳ್ಳಿದಂತೆ ತಳ್ಳುತ್ತೀರಿ ಎಂದು ಹಂಗಿಸುತ್ತಾನೆ. ಹೆಣ್ಣುಮಕ್ಕಳನ್ನು ಗೆದ್ದ ಬಹುಮಾನಗಳಂತೆ ಹಂಚಿಕೊಂಡರು ಎಂದು ಬಿಡಿಸಿ ಹೇಳುತ್ತಾನೆ. ನಾವು ಐರ್ಲೆಂಡಿನವರು ಎಂಬುದೇ ನಿಮಗೆ ಅಸಹ್ಯವೋ ಎಂದು ಕೇಳುತ್ತಾನೆ. ಗಮನಿಸಿ, ನಾವು ಎನ್ನುತ್ತಾನೆ, ಹುಟ್ಟಿದ್ದು ಬ್ರಿಟನ್ನಿನಲ್ಲಾದರೂ. ಈ ಕಾಗದವನ್ನು ಎಲ್ಲ ಜನರ ಮುಂದೆ, ಕೊರೊಟಿಕಸ್‌ನ ಎದುರಿಗೂ ಓದಬೇಕು ಎಂಬುದು ಅವನ ಕೋರಿಕೆ.

ಮುಂದೇನಾಯಿತು? ಇಲ್ಲಿ ಮತ್ತೆ ಮುಯಿರ್ಕೂ ಬರುತ್ತಾನೆ. ಅವನ ಪ್ರಕಾರ, ಕೊರೊಟಿಕಸ್ ಕಾಗದವನ್ನು ಗೇಲಿ ಮಾಡಿದ್ದು ತಿಳಿದು ಪ್ಯಾಟ್ರಿಕ್ ದೇವರಲ್ಲಿ ಮೊರೆಯಿಟ್ಟ. ಕೊರೊಟಿಕಸ್ ತನ್ನವರ ಕಣ್ಣೆದುರಿಗೇ ಒಂದು ಸಣ್ಣ ನರಿಯಾಗಿ ಓಡಿಹೋದ, ಮತ್ತೆ ಯಾರಿಗೂ ಕಾಣಲಿಲ್ಲ. ಕಥೆ ಮುಗಿಯಿತು. ಕೇಳಿದವರಿಗೆ ತೃಪ್ತಿ.

ಆ ಹೆಣ್ಣುಮಕ್ಕಳು?

ಪ್ಯಾಟ್ರಿಕ್ ಕೇಳಿದ್ದು ಕೊರೊಟಿಕಸ್ ನರಿಯಾಗಲಿ ಎಂದಲ್ಲ. ಅವನು ಕೇಳಿದ್ದು ಒಂದೇ, ಸೆರೆಹಿಡಿದವರನ್ನು ಬಿಡಿ. ಪವಾಡದ ಕಥೆಯಲ್ಲಿ ಆ ಕೋರಿಕೆಯೇ ಇಲ್ಲ. ದುಷ್ಟನಿಗೆ ಶಿಕ್ಷೆಯಾಯಿತು, ಸಂತನ ಮಹಿಮೆ ಹೆಚ್ಚಿತು; ಹಂಚಿಹೋದ ಹೆಂಗಸರು ಹಂಚಿದಲ್ಲೇ ಉಳಿದರು. ಇದಕ್ಕೇ ನಾನು ಹೇಳುವುದು, ಮೂಲ ಬರಹ ಓದುವುದು ಪಂಡಿತರ ಚಪಲವಲ್ಲ ಎಂದು. ಓದದಿದ್ದರೆ ಆ ಹೆಂಗಸರು ಇದ್ದರು ಎಂಬುದೇ ನಮಗೆ ತಿಳಿಯುವುದಿಲ್ಲ.

ಐರ್ಲೆಂಡಿನಲ್ಲಿ ಪ್ಯಾಟ್ರಿಕ್‌ನ ಬರಹ ಉಳಿದಿರುವ ಅತಿ ಹಳೆಯ ಪ್ರತಿ 'ಆರ್ಮಾ ಪುಸ್ತಕ'. 807ರ ಸುಮಾರಿಗೆ ಫೆರ್ಡೊಮ್ನಾಕ್ ಎಂಬ ಲಿಪಿಕಾರ ಬರೆದದ್ದು, ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಅದರಲ್ಲಿ ಆತ್ಮನಿವೇದನೆ ಇದೆ, ಆದರೆ ಅಲ್ಲಲ್ಲಿ ಕತ್ತರಿಸಿದ್ದು. ಮುಯಿರ್ಕೂ ಬರೆದ ಜೀವನಚರಿತ್ರೆ ಇದೆ. ಆರ್ಮಾದ ಚರ್ಚಿಗೆ ಎಷ್ಟು ಅಧಿಕಾರ, ಎಷ್ಟು ಸೀಮೆ ಎಂದು ದೇವದೂತನೇ ಬಂದು ಹೇಳಿದ ಒಂದು ಗ್ರಂಥವೂ ಇದೆ. ಕೊರೊಟಿಕಸ್‌ನ ಸೈನಿಕರಿಗೆ ಬರೆದ ಕಾಗದ ಮಾತ್ರ ಇಲ್ಲ. ಅದು ಉಳಿದದ್ದು ಇಂಗ್ಲೆಂಡ್, ಫ್ರಾನ್ಸ್‌ಗಳಿಂದ ಬಂದ ಬೇರೆ ಹಸ್ತಪ್ರತಿಗಳಲ್ಲಿ. ಆ ಲಿಪಿಕಾರನ ಮುಂದೆ ಕಾಗದ ಇತ್ತೋ ಇಲ್ಲವೋ, ನಾನು ಆರೋಪ ಹೊರಿಸುವುದಿಲ್ಲ. ಗಡಿ ಗುರುತಿಸಿದ ದೇವದೂತ ಜೋಪಾನವಾಗಿ ಉಳಿದ ಎಂಬುದನ್ನಷ್ಟೇ ನೋಡಿದೆ.

ಪ್ಯಾಟ್ರಿಕ್‌ನನ್ನೂ ನಾನು ಸುಮ್ಮನೆ ಬಿಡುವವಳಲ್ಲ. ಜಗತ್ತಿನಲ್ಲಿ ಗುಲಾಮಗಿರಿಯ ವಿರುದ್ಧ ಮೊದಲು ದನಿಯೆತ್ತಿದವನು ಇವನೇ ಎಂದು ಈಚಿನ ಕೆಲವು ಪುಸ್ತಕಗಳು ಕುಣಿಯುತ್ತವೆ. ಅದು ನಿಜವಲ್ಲ. ಅವನಿಗಿಂತ ಮೊದಲೇ, 4ನೇ ಶತಮಾನದಲ್ಲಿ, ನೈಸಾದ ಗ್ರೆಗರಿ ಎಂಬ ಬಿಷಪ್ ಮನುಷ್ಯನನ್ನು ಮನುಷ್ಯ ಕೊಳ್ಳುವುದನ್ನೇ ಖಂಡಿಸಿ ಉಪದೇಶ ಮಾಡಿದ್ದ. ಪ್ಯಾಟ್ರಿಕ್ ಕೇಳಿದ್ದು ದೀಕ್ಷೆ ಪಡೆದ ತನ್ನ ಜನರ ಬಿಡುಗಡೆ, ಅಷ್ಟೇ. ಅವನ ಅಪ್ಪನ ಮನೆಯಲ್ಲೂ ಆಳುಗಳಿದ್ದರು. ದಾಳಿಯಲ್ಲಿ ಅಪ್ಪನ ಮನೆಯ ಗಂಡಾಳು, ಹೆಣ್ಣಾಳುಗಳೂ ಹಾಳಾದರು ಎಂದು ಕಾಗದದಲ್ಲಿ ಒಮ್ಮೆ ಹೇಳಿ ಮುಂದೆ ಹೋಗುತ್ತಾನೆ. ಆ ಹೆಣ್ಣಾಳುಗಳು ಎಲ್ಲಿಗೆ ಹೋದರು? ಅಪ್ಪನ ಹೆಸರಿದೆ, ಅಜ್ಜನ ಹೆಸರಿದೆ. ಅಮ್ಮನ ಹೆಸರಿಲ್ಲ. ಆ ಚೆಲುವೆ, ದೊಡ್ಡ ಮನೆತನದವಳು, ಅವಳ ಹೆಸರೂ ಇಲ್ಲ. ಕನಸಿನಲ್ಲಿ ಕಾಗದಗಳ ಕಟ್ಟು ಹಿಡಿದು ಬಂದ ಗಂಡಸಿನ ಹೆಸರು ವಿಕ್ಟೋರಿಕಸ್ ಎಂದು ನೆನಪಿದೆ. ಎರಡು ಬರಹಗಳಲ್ಲಿ ಹುಡುಕಿದರೂ ಅವನು ಕಂಡು ಬದುಕಿದ ಒಬ್ಬ ಹೆಂಗಸಿನ ಹೆಸರು ಸಿಗುವುದಿಲ್ಲ. ಪವಾಡದ ಕಥೆಯ ಮೇಲೆ ನಾನು ಹಾಕಿದ ದೂರನ್ನು ಅವನ ಮೇಲೂ ಹಾಕಬೇಕಲ್ಲ. ಹಾಕುತ್ತೇನೆ.

ಇಷ್ಟೆಲ್ಲ ನಿನಗೇಕೆ, ಐರ್ಲೆಂಡೆಲ್ಲಿ ನೀನೆಲ್ಲಿ ಎಂದು ಮನೆಯಲ್ಲಿ ಕೇಳುತ್ತಾರೆ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಬಳಿ ಅವನ ಹೆಸರಿನ ಚರ್ಚ್ 1840ರ ದಶಕದಿಂದ ನಿಂತಿದೆ, ಅಷ್ಟೇನೂ ದೂರದವನಲ್ಲ ಎಂದು ಬಾಯಿ ಮುಚ್ಚಿಸುತ್ತೇನೆ. ನಿಜವಾದ ಕಾರಣ ಬೇರೆ.

ನನ್ನ ಸರ್ವಿಸಿನ ಮೊದಲ ವರ್ಷಗಳು. ನನ್ನ ಕ್ಲಾಸಿನ ಒಬ್ಬಳು ಹುಡುಗಿ ದಸರಾ ರಜೆ ಮುಗಿದರೂ ಬರಲಿಲ್ಲ. ಹದಿನಾಲ್ಕು ತುಂಬಿತ್ತು, ಅಷ್ಟೇ. ಮದುವೆ ಗೊತ್ತಾಗಿದೆ ಎಂದು ಜೊತೆಯ ಮಕ್ಕಳು ಪಿಸುಗುಟ್ಟಿದರು. ನಾನು ಅವಳ ಮನೆಯ ಹಿರಿಯರಿಗೆ ಒಂದು ಕಾಗದ ಬರೆದು ಶಾಲೆಯ ಆಯಾ ಕೈಯಲ್ಲಿ ಕಳಿಸಿದೆ. ಎಷ್ಟು ಸಲ ತಿದ್ದಿ ಬರೆದಿದ್ದೆನೋ. ಜಗಲಿಯ ಮೇಲೆ ಅದನ್ನು ಗಟ್ಟಿಯಾಗಿ ಓದಿ ನಕ್ಕರಂತೆ. ಆಯಾ ಬಂದು ಹೇಳುವಾಗ ಅವಳೂ ಸ್ವಲ್ಪ ನಕ್ಕಳು. ನಾನು ಎರಡನೆಯ ಕಾಗದ ಬರೆಯಲಿಲ್ಲ. ಪೊಲೀಸರಿಗಾಗಲಿ, ತಹಶೀಲ್ದಾರರಿಗಾಗಲಿ ಬರೆಯಬಹುದಿತ್ತು. ಕಾನೂನು ಆಗಲೂ ಇತ್ತು. ಹೊಸ ಕೆಲಸ, ಹೊಸ ಊರು, ನನಗೇಕೆ ಎಂದುಕೊಂಡೆ. ತಿಂಗಳು ಕಳೆದ ಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವಳು ನಾನೇ.

ಕೆಲವು ವರ್ಷಗಳ ಮೇಲೆ ಆ ಮದುವೆ ಮಾಡಿಸಿದ ಹಿರಿಯರಿಗೆ ಲಕ್ವ ಹೊಡೆಯಿತು. ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಮಾಡಿದ್ದುಣ್ಣೋ ಮಹರಾಯ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ನಾವೂ ಅದನ್ನೇ ಆಡಿದೆವು. ದೇವರು ನೋಡ್ತಾನೆ ಕಣ್ರೀ ಎಂದು ಯಾರೋ ಹೇಳಿದಾಗ ನನಗೂ ಮನಸ್ಸಿನಲ್ಲಿ ಎಲ್ಲೋ ತಣ್ಣಗಾದದ್ದು ಸುಳ್ಳಲ್ಲ. ಆ ಹುಡುಗಿ ಎಲ್ಲಿದ್ದಾಳೆ ಎಂದು ಆ ದಿನ ಟೀ ಕುಡಿದ ಯಾರೂ ಕೇಳಲಿಲ್ಲ. ಡಬ್ಲಿನ್ನಿನ ಆ ತೆಳು ಪುಸ್ತಕದ ಪೀಠಿಕೆಯಲ್ಲಿ ನರಿಯ ಕಥೆ ಓದಿದ ಭಾನುವಾರ ನನಗೆ ಥಟ್ಟನೆ ನೆನಪಾದದ್ದು ಆ ಟೀ.

ನಮ್ಮಲ್ಲಿಗೆ ಬಂದ ಮಿಷನರಿಗಳ ಬಗ್ಗೆಯೂ ಇದೇ ಹಗ್ಗಜಗ್ಗಾಟ ನಡೆದಿದೆ. ಒಬ್ಬರಿಗೆ ಕಿಟ್ಟೆಲ್ ಎಂದರೆ 1894ರ ನಿಘಂಟು, ಕೈಮುಗಿಯಬೇಕು. ಇನ್ನೊಬ್ಬರಿಗೆ ಮಿಷನರಿ ಎಂದರೆ ಮತಾಂತರ, ಬಾಗಿಲು ಹಾಕಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಕಂಪನಿ ಸರ್ಕಾರದ ನೆರಳಿನಲ್ಲಿ. ಅವರ ಸ್ಥಿತಿ ಪ್ಯಾಟ್ರಿಕ್‌ನ ಸ್ಥಿತಿ ಅಲ್ಲ. ಅದಕ್ಕೇ ಒಬ್ಬನನ್ನು ಓದಿ ಎಲ್ಲರನ್ನೂ ಓದಿದಂತಾಯಿತು ಎನ್ನುವಂತಿಲ್ಲ. ಅವರೂ ರಾಶಿ ಕಾಗದ ಬರೆದಿದ್ದಾರೆ. ಹೊಗಳುವ ಮೊದಲು, ಬೈಯುವ ಮೊದಲು, ಅವುಗಳನ್ನು ತೆಗೆದು ನೋಡಬಾರದೇ? ಅವುಗಳಲ್ಲಿ ನಮ್ಮ ಅಜ್ಜಿಯ ಅಜ್ಜಿಯರು ಎಲ್ಲಾದರೂ ಒಂದು ವಾಕ್ಯದಲ್ಲಿ, ಹೆಸರಿಲ್ಲದೆ, ನಿಂತಿರಬಹುದು.

ಈ ವರ್ಷ ಮತ್ತೆ ಸಂತರ ಕಥೆಯ ಸರದಿ ಬಂತು. ಹಾವು ಬೇಡ ಎಂದು ನಾನು ಹಟ ಹಿಡಿದೆ. ಮಕ್ಕಳಿಗೆ ಖುಷಿಯಾಗುತ್ತದೆ, ಇರಲಿ ಬಿಡಿ ಮೇಡಂ ಎಂದರು ಮೇಲಿನವರು. ಕೊನೆಗೆ ಹಾವು ಐದು ನಿಮಿಷ, ಕಾಗದ ಹತ್ತು ನಿಮಿಷ ಎಂದು ರಾಜಿಯಾಯಿತು. ಕಾಗದದ ದೃಶ್ಯ ನಾನೇ ಬರೆದೆ. ಪಾದ್ರಿ ಬರುತ್ತಾನೆ, ಓದುತ್ತಾನೆ, ಸೈನಿಕರು ನಗುತ್ತಾರೆ, ಬಿಳಿ ಬಟ್ಟೆಯ ಹುಡುಗಿಯರು ಸಾಲಾಗಿ ಸ್ಟೇಜ್ ದಾಟಿ ಹೋಗುತ್ತಾರೆ. ಪ್ಯಾಟ್ರಿಕ್ ಕೊಡದೇ ಹೋದದ್ದನ್ನು ನಾನು ಕೊಟ್ಟೆ. ಹೋಗುತ್ತಾ ಒಬ್ಬೊಬ್ಬಳೂ ತನ್ನ ಹೆಸರು 'ಪ್ರೆಸೆಂಟ್ ಟೀಚರ್' ಎನ್ನುವ ದನಿಯಲ್ಲಿ ಹೇಳಬೇಕು. ಯಾವ ಹೆಸರು ಮಿಸ್ ಎಂದು ಕೇಳಿದರು. ನಿಮ್ಮದೇ ಹೇಳಿ ಎಂದೆ.

ಯಾರಿಗೆ ಯಾವ ಪಾತ್ರ ಬೇಕು, ಕೈಯೆತ್ತಿ ಎಂದೆ. ಹುಡುಗಿಯರು ಹುಡುಗರು ಎನ್ನದೆ ಅರ್ಧ ಕ್ಲಾಸು ಸೈನಿಕರ ಪಾತ್ರಕ್ಕೇ ಕೈಯೆತ್ತಿತು. ಯಾಕೆ ಎಂದರೆ, "ಅದಕ್ಕೆ ಮಾತು ಬಾಯಿಪಾಠ ಮಾಡೋದಿಲ್ಲ ಮಿಸ್, ಬರೀ ನಗೋದು." ಸೋಮವಾರದಿಂದ ರಿಹರ್ಸಲ್. ಬಿಳಿ ಬಟ್ಟೆಗೆ ಹಳೆಯ ಪಂಚೆಗಳು ಬೇಕಾಗಿವೆ. ಯಾರ ಮನೆಯಲ್ಲಾದರೂ ಇದ್ದರೆ ಕಳಿಸಿಕೊಡಿ.